ಮೇಸ್ತ್ರಿಯ ಮೂಗು

ಮಾವಿನ ಗೊರಟಿನ ತಿರುಳಿನಿಂದ ಸೋಪಿಗೆ ಬೇಕಾದ ಕೊಬ್ಬು ತೆಗೆಯುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೂಗಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗೊರಟು ಒದ್ದೆಯಲ್ಲಿ ಬಿದ್ದಿದ್ದರೆ ಕೊಬ್ಬು ಒಳಗೊಳಗೇ ಒಡೆದು ಕೊಬ್ಬಿನಾಮ್ಲ ಬಿಡುತ್ತದೆ. ಅಂಥ ಒಂದು ಪೀಪಾಯಿ ಸುರಿದರೆ ಇಡೀ ತೊಟ್ಟಿ ಕೆಡುತ್ತದೆ. ಆ ಕಮಟು ವಾಸನೆ ಶುರುವಿನಲ್ಲಿ ಎಲ್ಲರ ಮೂಗಿಗೂ ಸಿಗುವಂಥದಲ್ಲ. ಮೇಸ್ತ್ರಿ ಬೆರಳ ತುದಿಯಷ್ಟು ಕೊಬ್ಬನ್ನು ಮುಂಗೈ ಮೇಲೆ ತಿಕ್ಕಿ, ಅದು ಬೆಚ್ಚಗಾದ ಮೇಲೆ ಮೂಸಿ, "ಹಾಕಿ" ಇಲ್ಲವೇ "ಬೇಡ" ಎನ್ನುತ್ತಿದ್ದ. ಲ್ಯಾಬಿನ ಅಂಕಿ ಮಧ್ಯಾಹ್ನ ಬಂದು ಅವನ ಮಾತಿಗೆ ತಲೆಯಾಡಿಸುತ್ತಿತ್ತು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ದೇವರು ಕೊಟ್ಟದ್ದು ಎಂದು ಅವನ ಹೆಂಡತಿ ನಂಬಿದ್ದಳು.

ಒಮ್ಮೆ ಅವನಿಗೆ ಜ್ವರ ಬಂದು ಬಿಟ್ಟ ಮರುದಿನ ಅವಳು ಅಡುಗೆಮನೆಗೆ ಓಡಿಬಂದಳು.

"ಹಾಲು ಸೀದು ಬೀದಿಗೆಲ್ಲ ನಾತ ಹೋಗಿದೆ, ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದೀರಲ್ರೀ. ಮೂಗೇನು ಕಾರ್ಖಾನೇಲಿ ಬಿಟ್ಟು ಬಂದ್ರಾ?"

ಅವನು ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆದ. ಬಿಸಿ ಮಾತ್ರ ತಾಗಿತು.

ಯಾರಿಗೂ ಹೇಳಲಿಲ್ಲ. ಕೊಬ್ಬಿನ ಬಣ್ಣ ನೋಡಿಕೊಂಡು ಕೆಲಸದಲ್ಲಿ ಎರಡು ದಿನ ತಳ್ಳಿದ. ಮೂರನೆಯ ದಿನ ಒಂದು ಪೀಪಾಯಿಗೆ "ಹಾಕಿ" ಎಂದ. ಮಧ್ಯಾಹ್ನ ಲ್ಯಾಬಿನ ಹುಡುಗಿ ಚೀಟಿ ತಂದಳು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಮ್ಲ ಇರಬೇಕಾದ್ದಕ್ಕಿಂತ ಮೂರು ಪಟ್ಟು ಇತ್ತು.

ಸೂಪರ್‌ವೈಸರ್ ಚೀಟಿ ಮಡಚಿದ. "ಮೇಸ್ತ್ರಿ ಮೂಗು ತಪ್ಪೋದಿಲ್ಲಮ್ಮ. ನಿನ್ನ ಕೈ ತಪ್ಪಿದೆ. ಇನ್ನೊಂದ್ಸಲ ಮಾಡು."

ಮಾಡಿದಳು. ಅದೇ ಅಂಕಿ. ಮೂರನೆಯ ಸಲ ಕೈ ಜಾರಿ ಗಾಜಿನ ಕೊಳವೆ ಒಡೆಯಿತು.

"ಸಾಕು. ನಾಳೆಯಿಂದ ಬರೋದು ಬೇಡ," ಎಂದ ಸೂಪರ್‌ವೈಸರ್.

ಮೇಸ್ತ್ರಿ ಮುಂದೆ ಬಂದ. "ಸಾರ್, ಅವಳ್ದು ಸರಿ ಇದೆ. ನನಗೇ ವಾಸನೆ ಬರ್ತಿಲ್ಲ. ಜ್ವರ ಬಂದಾಗಿಂದ."

ಸೂಪರ್‌ವೈಸರ್ ನಕ್ಕು ಹೆಗಲು ತಟ್ಟಿದ. "ದೊಡ್ಡ ಮನಸ್ಸು ನಿಮ್ದು. ಹೆಣ್ಮಗು ಅಂತ ಸ್ವಂತ ಮೂಗನ್ನೇ ಕೊಯ್ಕೊಳ್ತೀರಾ?" ತೊಟ್ಟಿಯ ಕೊಬ್ಬು ಮುಂದಕ್ಕೆ ಹೋಗಲಿ ಎಂದು ಹೇಳಿ ಹೊರಟುಹೋದ.

ಹುಡುಗಿ ಚೂರುಗಳನ್ನು ಗುಡಿಸುತ್ತಿದ್ದಳು. ಮೇಸ್ತ್ರಿ ಹತ್ತಿರ ಹೋದ.

"ನಿಜ ಹೇಳ್ತಿದೀನಿ ಮಗಳೇ. ನಿನ್ನ ಅಂಕಿ ಸರಿ."

"ಬಿಡಿ ಮೇಸ್ತ್ರಿ," ಎಂದಳು, ತಲೆ ಎತ್ತದೆ. "ನನ್ನ ಕೈ ಸರಿಯಿಲ್ಲ ಅಂತ ನನಗೂ ಗೊತ್ತಾಯ್ತು. ನನಗೋಸ್ಕರ ನೀವು ಸುಳ್ಳು ಹೇಳ್ಬೇಡಿ."

ಅವನು ಕಸದ ಮೊರವನ್ನು ಬಗ್ಗಿಸಿ ಹಿಡಿದ. ಅವಳು ಗಾಜನ್ನು ಅದರೊಳಗೆ ತಳ್ಳಿದಳು.