ಎರಡು ಬೇಜಾರು

ನಮ್ಮ ಕಡೆ ಬೇಜಾರು ಎನ್ನುವುದು ಒಂದೇ ಪದ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಸತ್ತವರ ಮನೆಗೆ ಹೋಗಿ ಬಂದರೂ ಬೇಜಾರು. ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಅಂಗಡಿಯೊಂದರಲ್ಲಿ ನಾನು ಫಾರ್ಮಸಿಸ್ಟ್. "ಬೇಜಾರಿಗೆ ಎಂತಾದರೂ ಮದ್ದು ಉಂಟಾ?" ಎಂದು ಕೌಂಟರಿಗೆ ಬಂದು ಕೇಳುವವರಿದ್ದಾರೆ. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಮುಖ ಗಂಟಿಕ್ಕಿ ಕಳುಹಿಸುತ್ತೇನೆ. ಸಿಡುಕಿ ಎಂದು ನನಗೆ ಹೆಸರೂ ಇದೆ.

ಅಂಥ ನಾನು ಭಾನುವಾರ ಮಾತ್ರ ಚೀಟಿಯಿಲ್ಲದೆ ಮದ್ದು ಹಂಚುತ್ತೇನೆ, ಕಂಪ್ಯೂಟರ್ ಆಟದಲ್ಲಿ. ನನ್ನ ಗಂಡ ಕುವೈತಿನಲ್ಲಿ ಎಸಿ ರಿಪೇರಿಯ ಕೆಲಸದಲ್ಲಿದ್ದಾರೆ. ಕಳೆದ ರಜೆಯಲ್ಲಿ ಬಂದಾಗ ಕಾಪುವಿನ ನಮ್ಮ ಬಾಡಿಗೆ ಮನೆಯ ಲ್ಯಾಪ್‌ಟಾಪಿಗೆ ಆಟವನ್ನು ಹಾಕಿಕೊಟ್ಟರು. ಮಣಿಪಾಲದ ಹಾಸ್ಟೆಲ್ ಹುಡುಗರು ಆಡುವುದು ನನಗೆ ಯಾಕೆ ಎಂದು ಮೊದಲು ಮೂಗು ಮುರಿದಿದ್ದೆ. ಹಿಮದ ನಾಡೊಂದರಲ್ಲಿ ಸಿಕ್ಕಿಕೊಂಡ ಏಳೆಂಟು ಜನರನ್ನು ಬದುಕಿಸಬೇಕು. ಗದ್ದೆ ಮಾಡಬೇಕು, ಮನೆ ಕಟ್ಟಬೇಕು, ಅವರ ಮನಸ್ಸನ್ನೂ ನೋಡಿಕೊಳ್ಳಬೇಕು. ಮನಸ್ಸು ಕೆಟ್ಟರೆ ಕೆಲಸ ಬಿಟ್ಟು ಹಿಮದಲ್ಲಿ ಅಲೆಯಲು ಹೊರಡುತ್ತಾರೆ. ಗಂಡನಿಗೆ ಶುಕ್ರವಾರ ರಜೆ, ನನಗೆ ಭಾನುವಾರ. ಅವರು ಆಡಿ ಫೈಲ್ ಕಳುಹಿಸುತ್ತಾರೆ, ಅದೇ ಊರನ್ನು ನಾನು ಮುಂದುವರಿಸಿ ತಿರುಗಿ ಕಳುಹಿಸುತ್ತೇನೆ. ಒಟ್ಟಿಗೆ ಕೂತು ಆಡಿದ್ದಿಲ್ಲ.

ಆ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅದು ತಾನೇ ಎಂದು ಗಂಡ ಮೊದಲ ದಿನವೇ ಹೇಳಿದ್ದರು. ಮದ್ದು ಕೊಡುವ ಹೆಂಗಸು ನಾನಂತೆ. ಅವಳಿಗೆ ಅಷ್ಟುದ್ದದ ಮೂಗು ಇಟ್ಟದ್ದಕ್ಕೆ ಮಾತು ಬಿಟ್ಟಿದ್ದೆ.

ಮನಸ್ಸು ಎತ್ತಲು ಅಲ್ಲಿ ಸೇದುವ ಎಲೆಯೊಂದಿದೆ. ಸೇದಿದವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಆದರೆ ಕೈ ಓಡುವುದಿಲ್ಲ, ಹೊಟ್ಟೆ ಮಾತ್ರ ಬಕಾಸುರನದ್ದು. ಗಂಡ ಎಲೆಯ ಪಕ್ಷ, ನಾನು ಚಾದ ಪಕ್ಷ. ಚಾ ಕುಡಿದರೆ ಸ್ವಲ್ಪ ಗೆಲುವು, ಸ್ವಲ್ಪ ಚುರುಕು. ಬಿಟ್ಟು ಬಿಟ್ಟು ಕೊಟ್ಟರೆ ಚಟ ಹಿಡಿಯುವುದಿಲ್ಲ. ಕಾಡಿನಲ್ಲಿ ಒಂದು ಹಣ್ಣೂ ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಅದೇ, ಆದರೆ ಬೆಳೆಸಲು ಬರುವುದಿಲ್ಲ. ಇನ್ನು ಮೂಗಿಗೆ ಸೇದುವ ಬಿಳಿ ಹುಡಿ. ಅದನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ. ಮನಸ್ಸನ್ನು ಏರಿಸಿದಷ್ಟೇ ಜೋರಾಗಿ ಇಳಿಸುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ.

"ನಿನ್ನ ಚಾ ಕುಡಿದು ಯಾರ ಬೇಜಾರು ಹೋಗಿದೆ ಮಾರಾಯ್ತಿ?" ಎಂದು ಅವರು ಫೋನಿನಲ್ಲಿ ಕೆಣಕುತ್ತಿದ್ದರು.

"ಎಲೆ ಸೇದಿ ಎಲ್ಲರೂ ಬಿದ್ದುಕೊಂಡರೆ ಗದ್ದೆಗೆ ಯಾರು ಹೋಗುವುದು? ನೀವು ಬರ್ತೀರಾ?"

ಊಟ ಆಯಿತಾ, ಅನ್ನಕ್ಕೆ ಎಂತ ಪದಾರ್ಥ ಎಂದು ಕೇಳಿದ ಮೇಲೆ ನಮ್ಮಲ್ಲಿ ಮಾತು ಮುಗಿಯುತ್ತಿತ್ತು. ಈ ಜಗಳದಿಂದಲೇ ಫೋನು ಸ್ವಲ್ಪ ಮುಂದೆ ಹೋಗುತ್ತಿತ್ತು. ಇಟ್ಟ ಮೇಲೆ ಮನೆ ಭಣಭಣ ಎನ್ನುತ್ತಿತ್ತು. ಬರಬರುತ್ತಾ ಅವರ ದನಿ ಇಳಿದಿತ್ತು, ಜಗಳಕ್ಕೂ ಬರುತ್ತಿರಲಿಲ್ಲ. "ಇಲ್ಲಿ ಬೇಜಾರು" ಎನ್ನುತ್ತಿದ್ದರು. ರೂಮಿನವರ ಜೊತೆ ಕಾರ್ಡ್ಸ್ ಆಡಿ ಎನ್ನುತ್ತಿದ್ದೆ. ಒಳಗೊಳಗೇ ನನಗೆ ಹೆದರಿಕೆ, ಏನೆಂದು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಆಟದಲ್ಲಿ ಒಬ್ಬೊಬ್ಬರಿಗೂ ಥರ್ಮಾಮೀಟರಿನ ಹಾಗೆ ಏರಿಳಿಯುವ ಎರಡು ಪಟ್ಟಿಗಳಿವೆ. ಹೊತ್ತು ಹೋಗದಿದ್ದರೆ ಒಂದು ಇಳಿಯುತ್ತದೆ, ಮನಸ್ಸು ಕುಗ್ಗಿದರೆ ಇನ್ನೊಂದು. ಇಂಗ್ಲಿಷಿನಲ್ಲಿ ಬೇರೆ ಬೇರೆ ಹೆಸರಿದೆ. ನಾವು ಎರಡಕ್ಕೂ ಬೇಜಾರು ಎಂದೇ ಹೇಳುತ್ತಿದ್ದೆವು.

ಹೋದ ಮಳೆಗಾಲದ ಒಂದು ಭಾನುವಾರ ಫೈಲ್ ತೆರೆದರೆ ಮೆಕ್ಯಾನಿಕ್ಕಿಗೆ ದಿನಾ ಬೆಳಿಗ್ಗೆ ಬಿಳಿ ಹುಡಿ ಎಂದು ಇಟ್ಟಿದ್ದರು. ನನಗೆ ಮೈ ಉರಿಯಿತು. ಸಂಜೆ ಬಂಗುಡೆ ಮೀನು ಕಾಯಿಸುತ್ತಿದ್ದಾಗ ಅವರ ಫೋನು ಬಂತು. ಊಟದ ವಿಚಾರವನ್ನೂ ಕೇಳದೆ ಶುರು ಮಾಡಿದೆ.

"ನಿಮ್ಮ ಮೆಕ್ಯಾನಿಕ್ಕಿಗೆ ದಿನಾ ಹುಡಿ ಎಂತಕ್ಕೆ? ತಲೆ ಸರಿ ಉಂಟಾ?"

"ಬೇಜಾರು ಅವನಿಗೆ."

"ಹೊತ್ತು ಹೋಗದಿದ್ದರೆ ನಿಮ್ಮ ಎಲೆ ಉಂಟಲ್ಲ."

"ಹೊತ್ತು ಹೋಗ್ತದೆ. ಆ ಪಟ್ಟಿ ತುಂಬಿಯೇ ಉಂಟು. ಬೆಳಿಗ್ಗೆ ಏಳಲಿಕ್ಕೆ ಆಗುವುದಿಲ್ಲ ಅವನಿಗೆ. ಎದ್ದು ಕೂತರೆ ಯಾಕೆ ಎದ್ದದ್ದು ಅಂತ ಗೊತ್ತಾಗುವುದಿಲ್ಲ."

ಆ ಆಟದ ಜನ ಬೆಳಗಾದರೆ ತಾವಾಗಿ ಏಳುತ್ತಾರೆ. ಏಳಲು ಆಗದಿರುವುದು ಎಂಬುದೇ ಅದರಲ್ಲಿ ಇಲ್ಲ. ಒಲೆ ಆರಿಸಿದೆ.

"ನೀವು ಎಂತಾದರೂ ತೆಗೆದುಕೊಳ್ತಾ ಇದ್ದೀರಾ?"

"ಇಲ್ಲ ಮಾರಾಯ್ತಿ. ಇಲ್ಲಿ ಚಾ ಬಿಟ್ಟರೆ ಎಂತದೂ ಇಲ್ಲ."

"ಡಾಕ್ಟರಿಗೆ ತೋರಿಸಿ."

"ಡಾಕ್ಟರ ಹತ್ತಿರ ಎಂತ ಹೇಳುವುದು? ಬೇಜಾರು ಅಂತಲಾ?"

ಹಾಗೆ ಹೇಳಿಕೊಂಡು ಬಂದವರನ್ನು ಅಂಗಡಿಯಿಂದ ಹಿಂದೆ ಕಳುಹಿಸುವವಳು ನಾನೇ. ಏಳಲು ಆಗುವುದಿಲ್ಲ ಎಂದು ಈಗ ನನಗೆ ಹೇಳಿದಿರಲ್ಲ, ಅಷ್ಟನ್ನೇ ಹೇಳಿ ಎಂದೆ. ನಿಮಗೇ ಹೀಗೆ ಎಂದು ಹೇಳಿ, ಮೆಕ್ಯಾನಿಕ್ಕಿಗೆ ಎನ್ನಬೇಡಿ ಎಂದೆ. ಹೋಗುತ್ತೇನೆ ಎಂದರು. ಹೋಗುತ್ತಾರೋ ಇಲ್ಲವೋ ನನಗೆ ನಂಬಿಕೆ ಬರಲಿಲ್ಲ. ಸಮುದ್ರದ ಆಚೆಗೆ ಕೈ ಹಿಡಿದು ಕರೆದುಕೊಂಡು ಹೋಗುವುದು ಹೇಗೆ?

"ಮತ್ತೆ ನಿನಗೆ?" ಎಂದು ಕೇಳಿದರು. "ನಿನಗೂ ಬೇಜಾರು ಉಂಟಲ್ಲ. ಯಾವುದು?"

ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ.

"ನನಗೂ ಹೊತ್ತು ಹೋಗ್ತದೆ. ಇಳಿದದ್ದು ಇನ್ನೊಂದು ಪಟ್ಟಿ" ಎಂದೆ.

ಆ ಕಡೆ ಅವರು ಅಳತೊಡಗಿದರು.