ಕಣ್ಣು ತೆರೆಯುವ ಮುನ್ನವೇ: ಸೆಗೆಡ್‌ನ ಪ್ರಾಧ್ಯಾಪಕ ಸೆಂದ್ರೆಯಿ ಕಾಲ್ಮಾನ್

ಸಸ್ತನಿಗಳ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ತೆಳುಪೊರೆಯಲ್ಲಿ, ಚಲನೆಯನ್ನು ಗುರುತಿಸುವುದಕ್ಕೆಂದೇ ಕೆಲವು ಜೀವಕೋಶಗಳಿವೆ. ಎಡದಿಂದ ಬಲಕ್ಕೆ ಏನಾದರೂ ಸರಿದರೆ ಎಚ್ಚರಗೊಳ್ಳುವ ಕೋಶವು ಅದೇ ವಸ್ತು ಹಿಂದಿರುಗುವಾಗ ಸುಮ್ಮನಿರುತ್ತದೆ. ಈ ದಿಕ್ಕಿನ ಅರಿವು ಲೋಕವನ್ನು ನೋಡಿ ಬರುವುದೋ, ನೋಡುವ ಮೊದಲೇ ಕೂಡಿರುವುದೋ ಎಂಬ ಪ್ರಶ್ನೆಗೆ ತಮ್ಮ ಆಯುಷ್ಯವನ್ನೇ ತೆತ್ತವರಲ್ಲಿ, ಈ ವಸಂತದಲ್ಲಿ ಹಂಗೇರಿಯ ಸೆಗೆಡ್ ನಗರದ ನಮ್ಮ ಸಂಸ್ಥೆಯಿಂದ ನಿವೃತ್ತರಾಗುತ್ತಿರುವ ಪೂಜ್ಯ ಸೆಂದ್ರೆಯಿ ಕಾಲ್ಮಾನ್ ಅವರೂ ಒಬ್ಬರು.

ಮೊಲಗಳ ಕಣ್ಣನ್ನು ಅಭ್ಯಸಿಸುತ್ತ ಸೇವೆಗೆ ಸೇರಿದ ಕಾಲ್ಮಾನರು, ನೋಟವೇ ಕಣ್ಣಿಗೆ ಪಾಠ ಹೇಳುತ್ತದೆಂಬ ತಮ್ಮ ಗುರುಗಳ ಮಾತನ್ನು ಬಹುಕಾಲ ನಂಬಿದ್ದರು. ಆ ನಂಬಿಕೆ ಅವರಿಗೆ ಮೊದಲು ಭಾರವಾದದ್ದು ಸಂಸ್ಥೆಯ ಕ್ಯಾಂಟೀನಿನಲ್ಲಿ. ಅಲ್ಲಿ ಅಡುಗೆಯವರಾಗಿದ್ದ ಎತೆಲ್ಕಾ ಒಂದು ಮಧ್ಯಾಹ್ನ ಮೀನಿನ ಸಾರು ಬಡಿಸುತ್ತ ತಡೆದು ನಿಂತರು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಗಬಾರ್ದು."

"ನಿಮ್ಮ ಕೈಲಿ ಸೌಟಿರುವಾಗ ನಗೋ ಧೈರ್ಯ ಯಾರಿಗಿದೆ, ಎತೆಲ್ಕಮ್ಮ?"

ಎತೆಲ್ಕಾರ ಮಗ ಜೋಂಬೊರನ ಕಣ್ಣುಗುಡ್ಡೆಗಳು ಎಳೆತನದಿಂದಲೂ ಅತ್ತಿತ್ತ ತೂಗುತ್ತಿದ್ದವು. ಹುಟ್ಟಿದಾಗ ಕಾಯಿಲೆಯಾಗಿದ್ದ ಕೂಸಿಗೆ ಬೆಳಕು ಚುಚ್ಚದಿರಲೆಂದು ಆ ಚಳಿಗಾಲವಿಡೀ ಪರದೆ ಎಳೆದಿಟ್ಟಿದ್ದರು.

"ಕತ್ತಲಲ್ಲಿ ಮಲಗಿಸಿ ಮಗೂನ ಕಣ್ಣು ಕೆಡಿಸ್ದೆ ಅಂತ ನಮ್ಮತ್ತೆ ಸಾಯೋವರ್ಗೂ ಹಂಗಿಸಿದ್ರು. ನಿಜಾನಾ?"

ಕಾಲ್ಮಾನರಿಗೆ ಅಂದು ತಿಳಿದಿದ್ದ ವಿದ್ಯೆಯ ಪ್ರಕಾರ, ನಿಜವಿರಲೂಬಹುದಿತ್ತು. "ಗೊತ್ತಿಲ್ಲಮ್ಮ, ಹುಡುಕ್ತೀನಿ" ಎಂದರು. ಎತೆಲ್ಕಾ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿ, ಮುಂದಿನ ಮೇಜಿಗೆ ಹೋದರು.

ಆ ಹುಡುಕಾಟ ಅವರನ್ನು ಹಣ್ಣುಮಾಡಿತು. ಬೆಳಕೇ ಸುಳಿಯದ ನೆಲಮಾಳಿಗೆಯಲ್ಲಿ ಇಲಿಮರಿಗಳನ್ನು ಸಾಕಿದರು. ಅನುದಾನ ನಿಂತಿತು, ಕಲಿಸಿ ತಯಾರುಮಾಡಿದ ಸಹಾಯಕರು ವಿಯೆನ್ನಾಕ್ಕೆ ಹೋದರು. ಉಳಿದವರ ಮನೆಯಲ್ಲಿ ಮಕ್ಕಳಿಗೆ ಜ್ವರವೆಂದರೆ ಅವರನ್ನು ಕಳಿಸಿಕೊಟ್ಟು, ಮರಿಗಳ ಆರೈಕೆಗೆ ತಾವೇ ಇಳಿಯುತ್ತಿದ್ದರು. ಕೊನೆಗೆ ಸಿಕ್ಕ ಉತ್ತರ ಸರಳವಾಗಿತ್ತು: ಬೆಳಕನ್ನೇ ಕಾಣದ ಮರಿಯ ಕೋಶಗಳಿಗೂ ದಿಕ್ಕು ತಿಳಿದಿತ್ತು. ಈ ಅರಿವು ಮೂಡುವುದು ನೆರೆಯ ನಕ್ಷತ್ರಾಕಾರದ ಕೋಶಗಳು ಒಂದು ಬದಿಯಿಂದ ಹೆಚ್ಚು ತಡೆಯೊಡ್ಡಿ, ಆ ದಿಕ್ಕಿನ ಚಲನೆಗೆ ಕೋಶವನ್ನು ಸುಮ್ಮನಿರಿಸುವುದರಿಂದ; ಆ ಹೆಣಿಗೆಯ ಬಹುಭಾಗ, ಕಣ್ಣು ಬಿಡುವ ಮುಂಚಿನ ದಿನಗಳಲ್ಲೇ ಆಗಿಹೋಗಿರುತ್ತಿತ್ತು. ಅಷ್ಟರಲ್ಲಿ ಬೇರೆ ದೇಶದವರು ಅದನ್ನೇ ಪ್ರಕಟಿಸಿಯಾಗಿತ್ತು. ಕಾಲ್ಮಾನರು ಕೊರಗಲಿಲ್ಲ; ಕೊರಗುವಷ್ಟು ಕಸುವೂ ಉಳಿದಿರಲಿಲ್ಲ.

ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯರಿಗೂ ನಿಜವೆಂಬ ಖಾತ್ರಿಯಿಲ್ಲದೆ ಅದನ್ನು ತಾಯಿಯೊಬ್ಬಳಿಗೆ ಹೇಳಲು ಅವರು ಒಪ್ಪಲಿಲ್ಲ. ಮುಂದೆ, ಹುಟ್ಟಿನಿಂದ ಕಣ್ಣು ತೂಗುವ ಹಲವರಲ್ಲಿ ಒಂದು ವಂಶವಾಹಿಯ ದೋಷವಿದೆಯೆಂದೂ, ಅದೇ ದೋಷವಿರುವ ಇಲಿಗಳಿಗೆ ಎಡಬಲದ ಚಲನೆ ತಿಳಿಯದೆಂದೂ ಗೊತ್ತಾಯಿತು. ತಲೆ ನರೆತಿದ್ದ ಜೋಂಬೊರ್ ರಕ್ತ ಕೊಟ್ಟ. ದೋಷ ಅವನಲ್ಲೂ ಇತ್ತು. "ಅಮ್ಮಂಗೆ ನೀವೇ ಹೇಳಿ" ಎಂದ.

ತೊಡಕೆಂದರೆ, ಆ ವಂಶವಾಹಿ ಗಂಡುಮಕ್ಕಳಿಗೆ ಬರುವುದು ತಾಯಿಯಿಂದಲೇ. "ಪರದೆಯಿಂದ ಆಗಿದ್ದಲ್ಲ ಅಂತಷ್ಟೇ ಹೇಳಿ, ಮೇಷ್ಟ್ರೇ. ಇನ್ನರ್ಧ ಯಾಕೆ?" ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಬೇಡಿಕೊಂಡರು.

"ಅರ್ಧ ಹೇಳೋಕೆ ಇಷ್ಟು ವರ್ಷ ಬೇಕಿತ್ತಾ?" ಎಂದ ಕಾಲ್ಮಾನರು, ಕಳೆದ ಚಳಿಗಾಲದಲ್ಲಿ, ನೋಯುವ ಮೊಣಕಾಲಿನಲ್ಲಿ ಎತೆಲ್ಕಾರ ಮನೆಯ ಮೆಟ್ಟಿಲು ಹತ್ತಿದರು.

"ಪರದೆಗೂ ಮಗನ ಕಣ್ಣಿಗೂ ಸಂಬಂಧ ಇಲ್ಲಮ್ಮ. ನೀವೇನೂ ಮಾಡ್ಲಿಲ್ಲ. ಆದ್ರೆ ಅದು ಬಂದಿದ್ದು ನಿಮ್ಮ ರಕ್ತದಿಂದ."

ಕಾಲ್ಮಾನರು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು.

"ಹಂಗಾದ್ರೆ... ನಮ್ಮಪ್ಪಂಗೂ ಅದೇನಾ?" ಎಂದರು ಎತೆಲ್ಕಾ ಕೊನೆಗೆ. "ಅಪ್ಪನ ಕಣ್ಣೂ ಹಿಂಗೇ ಆಡೋವು. ಕುಡುಕ ಅಂತ ಊರೆಲ್ಲ ಆಡ್ಕೊಂಡ್ರು, ದೋಣಿ ಕೆಲಸದಿಂದ ಬಿಡಿಸಿದ್ರು. ಮುಟ್ಟಿಲ್ಲ ಕಣೇ, ಅಂತ ಎಷ್ಟು ಸಲ ಹೇಳ್ದ. ನಾನೂ ನಂಬ್ಲಿಲ್ಲ."

ಅವರು ಎದ್ದು ಕೋಟು ತೊಟ್ಟರು. "ಸ್ಮಶಾನಕ್ಕೆ ಹೋಗ್ಬೇಕು. ಬರ್ತೀರಾ ಮೇಷ್ಟ್ರೇ? ಒಬ್ಳೇ ಹೋಗೋಕೆ ಮುಖ ಇಲ್ಲ."

ಕಾಲ್ಮಾನರು ಅವರ ತೋಳು ಹಿಡಿದು ಅದೇ ಮೆಟ್ಟಿಲಿಳಿದರು.

ಇಂಥ ಹಿರಿಯರು ಬಹುಕಾಲ ನಮ್ಮ ನಡುವೆ ಬಾಳಲಿ. ಅವರ ಮೇಜು, ಅವರ ಸೂಕ್ಷ್ಮದರ್ಶಕ ಸಂಸ್ಥೆಯಲ್ಲೇ ಇರುತ್ತವೆ. ಮನಸ್ಸಾದ ದಿನ ಬರಲಿ. ಅದಕ್ಕೆ ಮೊದಲು, ದಣಿದ ಆ ಜೀವ ಹಗಲೇರುವವರೆಗೂ ನಿಶ್ಚಿಂತೆಯಿಂದ ನಿದ್ರಿಸಲಿ.