ಮುಚ್ಚಿದೆ ಎನ್ನದ ಪೇಟೆ, ಅದನ್ನು ಕಾಯುವ ಯಶೋಧರಾ

ಸವಣೂರಿನ ಪೇಟೆಗೆ ಬೆಳಕು ಈಗಷ್ಟೇ ಬೂದಿ ಬಣ್ಣದಲ್ಲಿ ಇಳಿಯುತ್ತಿದೆ. ಮಸೀದಿಯ ಬಾಂಗ್ ಮುಗಿದು ಗಲ್ಲಿ ಮತ್ತೆ ತೆಪ್ಪಗಾಗಿದೆ. ಸ್ಕೂಟಿ ನಿಲ್ಲಿಸಿ, ದುಪಟ್ಟಾ ಕಿವಿಗೆ ಸುತ್ತಿಕೊಂಡ ಯಶೋಧರಾ ಒಂದೊಂದೇ ಅಂಗಡಿಯ ಬೋರ್ಡಿನ ಫೋಟೊ ಹೊಡೆಯುತ್ತಿದ್ದಾರೆ. ಅವರ ಕೈಯಲ್ಲಿರುವ ಮೊಬೈಲಿನ ನಕ್ಷೆ ನೋಡಿದರೆ ಮೈ ಜುಂ ಎನ್ನುತ್ತದೆ. ಎಡಕ್ಕೆ ಬೀಗ ಜಡಿದ ಬಟ್ಟೆ ಅಂಗಡಿ: ‘ತೆರೆದಿದೆ’. ಬಲಕ್ಕೆ ನಾಯಿ ಮಲಗಿದ ಕಿರಾಣಿ ಅಂಗಡಿಯ ಕಟ್ಟೆ: ‘ತೆರೆದಿದೆ’. ಇಡೀ ಸಾಲು ನಿದ್ದೆಯಲ್ಲಿದೆ, ಮೊಬೈಲಿನೊಳಗೆ ಮಾತ್ರ ಯಾರೂ ಮಲಗಿಲ್ಲ.

“ಮಂದಿ ಬಂದ ಮ್ಯಾಲ ಫೋಟೊ ಬರಂಗಿಲ್ರಿ. ಚಿಪ್ಸಿನ ಪಾಕೀಟು ಸರಾ ಕಟ್ಟಿದಂಗ ಇಳಿಬಿಡ್ತಾರ, ಬೋರ್ಡ ಕಾಣಂಗಿಲ್ಲ. ಅದಕ್ಕ ಇಷ್ಟ ಲಗೂ ಬರ್ತೇನಿ,” ಎನ್ನುತ್ತಾರೆ ಅವರು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾರಾದರೂ ಮೊಬೈಲಿನಲ್ಲಿ ಹುಡುಕಿ ಪಂಕ್ಚರ್ ಅಂಗಡಿಯನ್ನೋ ಎಣ್ಣೆ ಗಾಣವನ್ನೋ ತಲುಪಿದರೆ, ಅದರ ಹಿಂದೆ ಬಹುಮಟ್ಟಿಗೆ ಯಶೋಧರಾ ಇರುತ್ತಾರೆ. ಒಂದು ಪುಟದ ವೆಬ್‌ಸೈಟ್ ಮಾಡುವುದು, ಅದನ್ನು ಹುಡುಕುವ ಯಂತ್ರಗಳ ಕಣ್ಣಿಗೆ ಬೀಳಿಸುವುದು, ವ್ಯಾಪಾರಿಗಳ ಡೈರೆಕ್ಟರಿಗಳಲ್ಲಿ ಸೇರಿಸುವುದು ಅವರ ಉದ್ಯೋಗ. ಹೆಸರು, ವಿಳಾಸ, ಫೋನು ಎಲ್ಲ ಕಡೆಯೂ ಒಂದೇ ತೆರನಾಗಿರಬೇಕು. ತುಸು ಹೆಚ್ಚುಕಡಿಮೆಯಾದರೆ ಒಂದು ಅಂಗಡಿ ಎರಡಾಗಿ ಕೂರುತ್ತದೆ. ದಿನಕ್ಕೆ ನಾಲ್ಕೈದು ಅಂಗಡಿ ಮುಗಿದರೆ ಅವರಿಗೆ ಅದೇ ಹಬ್ಬ.

ಊರು ಮಾಸೂರು. ತಂದೆ ಮೈಲಾರಿ, ತಾಯಿ ಯಂಕವ್ವ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿದವರು. ಮನೆಯಲ್ಲಿ ಬುದ್ಧನ ಪಟ. ಡಿಗ್ರಿ ಮುಗಿಸಿದ ಯಶೋಧರಾ ಶಿಗ್ಗಾಂವಿಯಲ್ಲಿ ತಸ್ಲೀಮಾ ಎಂಬವರ ಝೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದರು. ಹೆದ್ದಾರಿ ಬದಿಯ ಪಂಕ್ಚರ್ ಫಾರೂಕ ಒಂದು ದಿನ ಬಂದು, “ನನ್ನ ಅಂಗಡಿ ಮೊಬೈಲನ್ಯಾಗ ಬರೂಹಂಗ ಮಾಡಬೇ ಯಕ್ಕಾ,” ಎಂದ. ಮಾಡಿದರು. ವಾರದೊಳಗೆ ಪುಣೆಯ ಲಾರಿಗಳು ಅವನ ಬಾಗಿಲಿಗೆ ಬಂದವು. ಅಲ್ಲಿಂದ ಶುರು.

ಹಾದಿಯೇನೂ ಹೂವಿನದಲ್ಲ. ಫೋಟೊ ಹೊಡೆದರೆ ರಸ್ತೆ ಅಗಲ ಮಾಡುವವರ ಕಡೆಯವಳೆಂದು ಗುಮಾನಿ. ಕೆಲವು ಅಂಗಡಿಗಳಲ್ಲಿ ‘ಯಾರ ಪೈಕಿ’ ಎಂದು ಕೇಳಿಯೇ ನೀರು ಕೊಡುತ್ತಾರೆ. ಇನ್ನು ಕೆಲವರು ಕೇಳಿದ ಮೇಲೆ ಕೊಡುವುದನ್ನೇ ಮರೆಯುತ್ತಾರೆ. “ಬಾಟ್ಲಿ ನಾನ ಒಯ್ತೇನ್ರಿ,” ಎಂದು ಯಶೋಧರಾ ನಗುತ್ತಾರೆ. ಕೇಳಿದ ನಮಗೇ ನಾಚಿಕೆಯಾಗುತ್ತದೆ.

ಅವರನ್ನು ನಿಜಕ್ಕೂ ಕಾಡಿದ್ದು ಬೇರೆಯೇ ಒಂದು ಪ್ರಶ್ನೆ: ಅಂಗಡಿ ಮುಚ್ಚುವುದು ಎಷ್ಟು ಹೊತ್ತಿಗೆ? ನಮ್ಮ ಜನ ದೇವರಿಗಿಂತ ಅಪಶಕುನಕ್ಕೆ ಹೆದರುವುದು ಜಾಸ್ತಿ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ, ದೀಪವನ್ನು ಆರಿಸದೆ ‘ದೊಡ್ಡದು’ ಮಾಡುವ ಮಂದಿ ತಮ್ಮ ಅಂಗಡಿ ಮುಚ್ಚುತ್ತದೆಂದು ಬಾಯಿಬಿಟ್ಟು ಹೇಳಿಯಾರೇ? “ಬೋಣಿಗಿ ಹೊತ್ತಿನ್ಯಾಗ ಆ ಮಾತ ಬ್ಯಾಡ, ಬರೀಲೂಬ್ಯಾಡ,” ಎಂದು ಎಲ್ಲರದೂ ಒಂದೇ ರಾಗ. ಕೇಳಿ ಕೇಳಿ ಸಾಕಾಗಿ ಯಶೋಧರಾ ನಕ್ಷೆಯಲ್ಲಿ ಎಲ್ಲ ಅಂಗಡಿಗಳನ್ನೂ ಹಗಲೂ ರಾತ್ರಿ ತೆರೆದಿಟ್ಟರು. “ಅದು ನಂದ ತಪ್ಪರಿ,” ಎಂದು ಈಗ ನೇರವಾಗಿ ಒಪ್ಪಿಕೊಳ್ಳುತ್ತಾರೆ.

ಹಾಗೆ ತೆರೆದಿಟ್ಟ ಅಂಗಡಿಗಳಲ್ಲಿ ಸವಣೂರಿನ ಪರಮೇಶ್ವರಪ್ಪನವರ ಕರಿದ ಖಾರದ ತಿಂಡಿಯ ಅಂಗಡಿಯೂ ಒಂದು. ಹೋದ ದೀಪಾವಳಿಗೆ ಮುಂಚೆ ಪರಮೇಶ್ವರಪ್ಪ ತೀರಿಕೊಂಡರು. ಸುದ್ದಿ ಯಶೋಧರಾಗೆ ಮುಟ್ಟಿದ್ದು ತಡವಾಗಿ. ಸಾವಿನ ಸುದ್ದಿ ಕೇಳಿ ಆ ಅಂಗಡಿಯ ಪುಟ ತೆರೆದರೆ, ಅವರು ಸತ್ತ ವಾರದಲ್ಲೇ ಯಾರೋ ದಾರಿಹೋಕರು ಬರೆದು ಹೋದ ಮಾತು ಅಲ್ಲಿತ್ತು: ‘ಬೆಳಗಿನ ಜಾವ ಬಂದರೂ ಅಂಗಡಿ ತೆರೆದಿತ್ತು. ಅಜ್ಜ ಮಾತಾಡಲಿಲ್ಲ. ಒಂದು ಹಿಡಿ ಹೆಚ್ಚಿಗೆ ಹಾಕಿಕೊಟ್ಟರು.’ ಅದರ ಮೇಲೆ ಇನ್ನೂ ಎರಡು, ಮೂರು. ಎಲ್ಲದರಲ್ಲೂ ಅಜ್ಜ, ಎಲ್ಲದರಲ್ಲೂ ನಸುಕು.

“ಓದಿದ ಕೂಡ್ಲೇ ಮೊಬೈಲ್ ಬೋರಲ ಇಟ್ಟು ಕುಂತೆ.”

ಅಷ್ಟರಲ್ಲೇ ನಕ್ಷೆ ನಡೆಸುವ ಹುಡುಕಾಟದ ಕಂಪನಿಯಿಂದ ಪ್ರಶ್ನೆ ಬಂತು: ಈ ಅಂಗಡಿ ಶಾಶ್ವತವಾಗಿ ಮುಚ್ಚಿದೆಯೇ? ಹೌದು ಎನ್ನಲು ಬೆರಳು ತಾಗಿಸಿದರೆ ಸಾಕು. ಪರಮೇಶ್ವರಪ್ಪನವರ ತಮ್ಮ ಮೃತ್ಯುಂಜಯ, ಅಂಗಡಿ ಬಂದ್ ಆಗಿದೆ, ಬಾಡಿಗೆಗೆ ಕೊಡುವುದಿದೆ, ಬೇಗ ತೆಗೆದುಹಾಕು ಎಂದು ಫೋನಿನಲ್ಲಿ ಗದರಿದರು. ಪರಮೇಶ್ವರಪ್ಪನವರ ಹೆಂಡತಿ ಹಾಲವ್ವನಿಗೆ ಫೋನು ಮಾಡಿದರೆ ಆಕೆಯದು ಒಂದೇ ಮಾತು: “ಒಂದು ಸಲ ಬಂದು ಹೋಗವ್ವಾ. ಆಮ್ಯಾಲ ಬೇಕಾದ್ದ ಬರಿ.” ಮುಚ್ಚಿದೆ ಎಂದರೆ ಹಾಲವ್ವನ ಪಾಲಿಗೆ ಅಂಗಡಿ ಕೈತಪ್ಪುತ್ತದೆ. ತೆರೆದಿದೆ ಎಂದರೆ ಹೆದ್ದಾರಿಯ ಪರಊರಿನವರು ಸತ್ತವರ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅತ್ತ ದರಿ, ಇತ್ತ ಪುಲಿ.

ಮರುದಿನ ನಸುಕಿನಲ್ಲಿ ಯಶೋಧರಾ ಅಲ್ಲಿದ್ದರು. ಶಟರು ಕೆಳಗಿತ್ತು. ಕರಿಬೇವು ಕರಿದ ವಾಸನೆ ಮಾತ್ರ ಸಂದಿಯಿಂದ ಹೊರಗೆ ಬರುತ್ತಿತ್ತು. ಒಂದು ಕಾರು ಬಂದು ನಿಂತಿತು. ಇಳಿದವನು ಮೊಬೈಲ್ ನೋಡಿ, ಶಟರು ನೋಡಿ, ಅನುಮಾನಿಸುತ್ತಲೇ ಎರಡು ಸಲ ಬಡಿದ. ಶಟರು ಸೊಂಟದ ಮಟ್ಟಕ್ಕೆ ಎದ್ದಿತು. ಒಳಗೆ ಕತ್ತಲೆ. ಕತ್ತಲೆಯಲ್ಲಿ ಪರಮೇಶ್ವರಪ್ಪನವರ ಕಂದು ಕೋಟು, ಮುಖ ಮುಚ್ಚುವಂತೆ ಸುತ್ತಿದ ಮಫ್ಲರು, ತಲೆ ಮೇಲೆ ಅವರದೇ ಬಿಳಿ ಟೊಪ್ಪಿಗೆ. ಒಂದು ಕೈ ಹೊರಗೆ ಬಂದು ಪೊಟ್ಟಣ ಕೊಟ್ಟಿತು. ಕಾರು ಹೋಯಿತು.

ಯಶೋಧರಾ ಬಗ್ಗಿ ಒಳಗೆ ನೋಡಿದರು. ಕೈಯಲ್ಲಿ ಹಸಿರು ಹಚ್ಚೆ ಇತ್ತು. ಟೊಪ್ಪಿಗೆಯ ಕೆಳಗಿದ್ದವರು ಹಾಲವ್ವ.

“ಗಂಡ ಹೋದಾಕಿ ಅಂಗಡಿ ಗಾದಿ ಮ್ಯಾಲ ವರ್ಷ ತುಂಬೂತನಕ ಕುಂದ್ರಬಾರ್ದು ಅಂದಾನ ಮೈದುನ,” ಎಂದರಂತೆ ಆಕೆ. “ತಿಂಗಳ ಆದಮ್ಯಾಲ ಒಬ್ಬರು ಬಂದು ಬಾಗಲಾ ಬಡದ್ರು. ಮೊಬೈಲನ್ಯಾಗ ತಗದೈತಿ ಅಂದ್ರು. ಬಂದ ಗಿರಾಕಿ ಬರಿಗೈಲೆ ಹೋದ್ರ ನಮ್ಮ ಮನಿಯವರು ಸೈಸ್ತಿದ್ದಿಲ್ಲವ್ವಾ. ಅದಕ್ಕ ಅವರ ಕೋಟ ಹಾಕ್ಕೊಂಡು ಓಣಿ ಏಳೂದ್ರಾಗ ಕುಂತು ಏಳತೇನಿ.”

ಯಶೋಧರಾ ಮೊಬೈಲ್ ತೆಗೆದು ಆ ಮಾತುಗಳ ತಾರೀಕು ನೋಡಿದರು. ಆಮೇಲೆ ಕೇಳಿದರು: “ತಿಂಗಳ ಆದಮ್ಯಾಲ ಅಂದ್ರಿ. ಮೊದಲನೇ ಮಾತು ಬರದದ್ದು ಅವರು ಹೋದ ವಾರದಾಗರಿ, ಅವ್ವಾರ. ಆವತ್ತ ಯಾರು ಕೊಟ್ರು?”

ಹಾಲವ್ವ ತಕ್ಕಡಿ ಒರೆಸುತ್ತಲೇ ಇದ್ದರಂತೆ. “ಆ ವಾರ ನಾ ಒಳಗ ಮಲಗಿದ್ದೆ. ಕೀಲಿ ಇಲ್ಲೇ ಗೂಟಕ್ಕಿತ್ತು, ಯಾರೂ ತಗದಿಲ್ಲ,” ಎಂದಷ್ಟೇ ಹೇಳಿದರು.

ಯಶೋಧರಾ ಅದನ್ನು ಮತ್ತೆ ಕೆದಕಲಿಲ್ಲ. ಕೆಲಸದವರಿಗೆ ಕೆಲಸದ್ದೇ ದಾರಿ. ಅಂಗಡಿ ನಡೆಸುವವರು ಬದಲಾದರೆ ಕಂಪನಿಗೆ ವಿಡಿಯೊ ಕಳಿಸಬೇಕು: ಬೀದಿ ಕಾಣಬೇಕು, ಬೋರ್ಡು ಕಾಣಬೇಕು, ಯಜಮಾನರು ತಮ್ಮ ಕೈಯಾರೆ ಬೀಗ ತೆಗೆದು ಶಟರು ಎತ್ತುವುದು ಬಿಸಿಲಲ್ಲಿ ಕಾಣಬೇಕು. ಅವರು ಇಷ್ಟನ್ನೂ ಹೇಳಿದರು. “ಕೋಟು ತಗೀಬೇಕಾಗ್ತೈತ್ರಿ,” ಎಂದೂ ಹೇಳಿದರು.

ಬಿಸಿಲು ಬೋರ್ಡಿಗೆ ಬಿದ್ದಾಗ ಓಣಿ ಎದ್ದಿತ್ತು. ಹಾಲವ್ವ ಸೀರೆಯ ಸೆರಗು ಹೊದ್ದು, ಎಲ್ಲರೆದುರು ಬೀಗ ತೆಗೆದು ಶಟರನ್ನು ತಲೆಯ ಮೇಲಿನವರೆಗೆ ಎತ್ತಿದರು. ಮೃತ್ಯುಂಜಯ ಬಂದು ಕಟ್ಟೆಯ ಹತ್ತಿರ ನಿಂತರು. ಏನೋ ಹೇಳಹೊರಟವರು ವಿಡಿಯೊ ತೆಗೆಯುತ್ತಿದ್ದ ಯಶೋಧರಾ ಕೈಯ ಮೊಬೈಲ್ ನೋಡಿ ಪಕ್ಕಕ್ಕೆ ಸರಿದರು. ಮೊದಲ ಗಿರಾಕಿಯಾಗಿ ಎದುರಿನ ಎಲೆ ಅಂಗಡಿಯ ಜಾವೇದ ಕಾಲು ಕೇಜಿ ಖಾರಾ ಕಟ್ಟಿಸಿಕೊಂಡು ಹೋದ. ಆ ವಿಡಿಯೊವನ್ನು ಯಶೋಧರಾ ಅಲ್ಲಿಂದಲೇ ಕಂಪನಿಗೆ ಕಳಿಸಿದರು.

ಈಗ ಅವರು ನಾಲ್ಕೂ ತಾಲ್ಲೂಕಿನ ಅಂಗಡಿಗಳ ಹೊತ್ತನ್ನು ಒಂದೊಂದಾಗಿ ಸರಿಮಾಡುತ್ತಿದ್ದಾರೆ. ‘ಮುಚ್ಚುವುದು’ ಎಂದು ಕೇಳುವುದನ್ನು ಬಿಟ್ಟು ‘ಮನೀಗೆ ಹೋಗೂದು ಎಷ್ಟಕ್ರಿ’ ಎಂದು ಕೇಳುತ್ತಾರೆ. ಆಗ ಎಲ್ಲರೂ ನಿಜ ಹೇಳುತ್ತಾರೆ. ಹಾಲವ್ವನ ಅಂಗಡಿಗೂ ಹೊತ್ತು ಹಾಕಿದ್ದಾಗಿದೆ, ಬೆಳಗಾದ ಮೇಲೆ ತೆರೆಯುವ ಹೊತ್ತು. ಆದರೂ ಆ ಪುಟಕ್ಕೆ ನಸುಕಿನ ಅಜ್ಜನ ಮಾತುಗಳು ಅಪರೂಪಕ್ಕೊಮ್ಮೆ ಬರುತ್ತಲೇ ಇವೆ.

ಕೊನೆಗೆ, ನಿಮಗಿನ್ನೇನು ಬೇಕು ಎಂದು ಕೇಳಿದರೆ ಯಶೋಧರಾ ಸ್ಕೂಟಿಯ ಮೇಲೆ ಕೂತವರು ಇಳಿದು ನಿಲ್ಲುತ್ತಾರೆ.

“ಮೊಬೈಲನ್ಯಾಗ ಎರಡ ಮಾತದಾವ ನೋಡ್ರಿ, ತೆರೆದಿದೆ, ಮುಚ್ಚಿದೆ. ಮೂರನೇದೊಂದು ಬೇಕಿತ್ತು. ‘ಒಳಗ ಮಂದಿ ಅದಾರ, ಕೂಗ್ರಿ’ ಅಂತ.”